ಪಿತ್ತ ಇಳಿಯದಿದ್ದರೆ ಕರುಳಿನ ಗತಿ ಏನು?

ಕೇಳುಗರಿಗೆ ನಮಸ್ಕಾರ.

ಕಣ್ಣು ಹಳದಿಯಾಯಿತು ಅಂದರೆ ನಮ್ಮ ತುಮಕೂರು ಕಡೆ ಮೊದಲು ನೆನಪಾಗುವುದು ನೆಲನೆಲ್ಲಿ. ಹೊಲದ ಬದುವಿನಲ್ಲೇ ಸಿಗುತ್ತದೆ, ಅರೆದು ಮಜ್ಜಿಗೆಯಲ್ಲಿ ಕೊಡುತ್ತಾರೆ. ಕೊರಟಗೆರೆ ಹತ್ತಿರದ ಸಿದ್ಧರಬೆಟ್ಟದಿಂದ ಬೇರು, ನಾರು ತಂದುಕೊಡುವವರೂ ಇದ್ದಾರೆ. ಎಷ್ಟೋ ಜನಕ್ಕೆ ವಾಸಿಯೂ ಆಗುತ್ತದೆ. ಆದರೆ ಹೆಪಟೈಟಿಸ್ ಎ ವೈರಸ್‌ನಿಂದ ಬಂದ ಕಾಮಾಲೆ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಬರುವುದು ಮಾತ್ರ ಸೊಪ್ಪಿಗೆ!

ಇವತ್ತು ನಾನು ಹೇಳುವುದು ಬೇರೆ ಕಾಮಾಲೆಯ ವಿಷಯ. ಇದರಲ್ಲಿ, ಯಕೃತ್ತಿನಲ್ಲಿ ತಯಾರಾಗುವ ಪಿತ್ತರಸವನ್ನು ಕರುಳಿಗೆ ಇಳಿಸುವ ಪಿತ್ತನಾಳವೇ ಕಟ್ಟಿಕೊಂಡಿರುತ್ತದೆ. ಪಿತ್ತಕೋಶದ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿರಬಹುದು. ಮೇದೋಜೀರಕ ಗ್ರಂಥಿಯ ಗೆಡ್ಡೆ ಒತ್ತುತ್ತಿರಬಹುದು. ಹೇಳಲು ಮುಜುಗರವಾದರೂ ಸರಿ, ಮಲದ ಬಣ್ಣ ನೋಡಿಕೊಳ್ಳಿ. ಅದಕ್ಕೆ ಕಂದು ಬಣ್ಣ ಬರುವುದೇ ಪಿತ್ತದಿಂದ. ನಾಳ ಕಟ್ಟಿದರೆ ಅದು ಬಿಳಿಚಿಕೊಳ್ಳುತ್ತದೆ. ಮೂತ್ರದ ಬಣ್ಣ ಗಾಢವಾಗುತ್ತದೆ. ಮೈಯೆಲ್ಲ ನವೆ.

ಎಲ್ಲರ ಗಮನ ಯಕೃತ್ತಿನ ಮೇಲೆ. ಕೆಳಗೆ ಕರುಳಿನಲ್ಲಿ ನಡೆಯುವುದನ್ನು ಕೇಳುವವರು ಕಡಿಮೆ. ಪಿತ್ತದ ಕೆಲಸ ಜಿಡ್ಡು ಕರಗಿಸುವುದಷ್ಟೇ ಅಲ್ಲ. ಕರುಳಿನ ಬ್ಯಾಕ್ಟೀರಿಯಾ ಮಿತಿಮೀರದಂತೆ ತಡೆಯುತ್ತದೆ, ಅವುಗಳ ವಿಷ ರಕ್ತಕ್ಕೆ ಸೇರದಂತೆ ಹಿಡಿದಿಡುತ್ತದೆ. ಪಿತ್ತ ಬಾರದಿದ್ದರೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಕರುಳಿನ ಒಳಪದರ ಒಂದೇ ಸಾಲು ಜೀವಕೋಶಗಳದ್ದು. ಅವುಗಳ ನಡುವಿನ ಬಿಗಿ ಬೆಸುಗೆ ಕಲ್ಲುಗೋಡೆಯ ಗಾರೆ ಉದುರಿದ ಹಾಗೆ ಸಡಿಲವಾಗುತ್ತದೆ. ಬ್ಯಾಕ್ಟೀರಿಯಾ, ವಿಷ ಎರಡೂ ರಕ್ತಕ್ಕೆ ನುಸುಳುತ್ತವೆ. ಇಂಥ ರೋಗಿಗಳಿಗೆ ನಂಜೇರುವುದು, ಮೂತ್ರಪಿಂಡ ಕೈಕೊಡುವುದು ಇವಕ್ಕೆ ಇದೂ ಒಂದು ಕಾರಣ.

ಈ ಬೆಸುಗೆಯನ್ನು ಗಿಡಮೂಲದ ಪದಾರ್ಥಗಳಿಂದ ಕಾಪಾಡಬಹುದೇ? ವಿಜ್ಞಾನಿಗಳು ಇಲಿಗಳ ಪಿತ್ತನಾಳಕ್ಕೆ ದಾರ ಕಟ್ಟಿ ಇದನ್ನು ಪರೀಕ್ಷಿಸಿದ್ದಾರೆ. ಅರಿಶಿನದ ಕರ್ಕ್ಯುಮಿನ್, ದ್ರಾಕ್ಷಿ ಸಿಪ್ಪೆಯ ರೆಸ್ವೆರಾಟ್ರಾಲ್ ಇಂಥವನ್ನು ಕೊಟ್ಟು ನೋಡಿದ್ದಾರೆ. ಹಾನಿ ಕಡಿಮೆಯಾದ ಉದಾಹರಣೆಗಳಿವೆ. ನನಗೂ ಇದರಲ್ಲಿ ಆಸೆ ಇದೆ, ಸುಳ್ಳೇಕೆ ಹೇಳಲಿ. ಆದರೆ ಇಲಿಗೆ ಕೊಡುವ ಪ್ರಮಾಣ ಜಾಸ್ತಿ, ನಾಳಕ್ಕೆ ಗಂಟು ಬೀಳುವ ಹೊತ್ತೂ ಮೊದಲೇ ಗೊತ್ತು. ನಮಗೆ ಹಾಗಲ್ಲ, ಅಲ್ವಾ?

ಕರ್ಕ್ಯುಮಿನ್ ಬಾಯಿಂದ ತೆಗೆದುಕೊಂಡರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2 ಗ್ರಾಂ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದರೆ ಮನುಷ್ಯರ ರಕ್ತಕ್ಕೆ ಹೋಗುವ ಪ್ರಮಾಣ ಶೇ 2000ರಷ್ಟು ಏರಿತು. ಈಗ ಅಂಗಡಿಯಲ್ಲಿ ಸಿಗುವ ಎಷ್ಟೋ ಅರಿಶಿನ ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸತ್ವ ಇರುವುದು ಇದೇ ಕಾರಣಕ್ಕೆ. ಆದರೆ ಇಂಥ ಕ್ಯಾಪ್ಸೂಲುಗಳಿಂದ ಯಕೃತ್ತಿಗೇ ಪೆಟ್ಟಾದ ಪ್ರಕರಣಗಳು ಅಮೆರಿಕದಲ್ಲಿ ವರದಿಯಾಗಿವೆ.

ಇನ್ನೊಂದು ತೊಡಕು. ಕರ್ಕ್ಯುಮಿನ್ ಪಿತ್ತಕೋಶವನ್ನು ಹಿಂಡುತ್ತದೆ. ಆರೋಗ್ಯವಂತರಲ್ಲಿ 20 ಮಿಲಿಗ್ರಾಂಗೇ ಅದು ಕುಗ್ಗಿದ್ದು ಕಂಡಿದೆ. ಕೆಳಗೆ ಕಲ್ಲು ಸಿಕ್ಕಿಕೊಂಡಿರುವಾಗ ಮೇಲಿನಿಂದ ಹಿಂಡಿದರೆ ನೋವು ಹೆಚ್ಚಬಹುದು. ನಾಳ ಕಟ್ಟಿದವರು ಕ್ಯಾಪ್ಸೂಲು ನುಂಗಬಾರದು ಅನ್ನುವುದು ಇದಕ್ಕೇ.

ಕಟ್ಟಿದ ನಾಳವನ್ನು ತೆರೆಯಲೇಬೇಕು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ಕಲ್ಲು ತೆಗೆಯುತ್ತಾರೆ, ಇಲ್ಲವೇ ನಾಳ ತೆರೆದಿರಲು ಸ್ಟೆಂಟ್ ಅನ್ನುವ ಸಣ್ಣ ಕೊಳವೆ ಇಡುತ್ತಾರೆ. ಪಿತ್ತವಿಲ್ಲದೆ ವಿಟಮಿನ್ ಕೆ ಹೀರಲಾಗದೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಅದರ ಇಂಜೆಕ್ಷನ್ ಕೂಡ ಕೊಡಬೇಕಾಗಬಹುದು. ಹಳದಿ ಕಣ್ಣಿನ ಜೊತೆ ಚಳಿಜ್ವರ, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮನೆಯಲ್ಲಿ ಯಾವ ಸೊಪ್ಪು, ಯಾವ ಕಷಾಯ ಕುಡಿದಿರಿ ಅನ್ನುವುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ, ಅವರು ಬೈದರೆ ಬೈಯಲಿ.

ಹಾಗಾದರೆ ಸಾರಿಗೆ ಅರಿಶಿನ ಹಾಕಬಾರದೇ ಅಂತ ಕೇಳಬೇಡಿ. ಮುದ್ದೆ ಜೊತೆಯ ಸಾರಿಗೆ ಹಾಕುವ ಚಿಟಿಕೆ ಅರಿಶಿನ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3 ಮಾತ್ರ.