ಮುಖ ಕಾಣದ ಫ್ರೇಮು

ಎಲ್ಲರಿಗೂ ನಮಸ್ಕಾರ.

ಒಂದೇ ಒಂದು ಚಿತ್ರ ತೋರಿಸಿ "ಇದು ಯಾವ ಸಿನಿಮಾ?" ಅಂತ ಕೇಳುವ ಆಟ ನಿಮಗೆಲ್ಲ ಗೊತ್ತು. ಹೆಸರಿಲ್ಲ, ಮಾತಿಲ್ಲ, ಸಂಗೀತವಿಲ್ಲ. ಇದನ್ನು ಬರೀ ಜ್ಞಾಪಕಶಕ್ತಿಯ ಪರೀಕ್ಷೆ ಅಂದುಕೊಂಡವರೇ ಜಾಸ್ತಿ. ನನಗೆ ಇದರಲ್ಲಿ ಇನ್ನೂ ದೊಡ್ಡದೊಂದು ವಿಷಯ ಕಾಣುತ್ತದೆ. ನಾವು ಒಂದು ಸಿನಿಮಾವನ್ನು ಯಾಕೆ ಇಷ್ಟಪಟ್ಟೆವು ಅನ್ನುವುದು, ಕಥೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದರೂ ಸಿಗದಷ್ಟು ಸ್ಪಷ್ಟವಾಗಿ, ಇಲ್ಲಿ ಹೊರಬೀಳುತ್ತದೆ.

ಮೊದಲು ಸ್ವಲ್ಪ ಲೆಕ್ಕ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ, ಅಂದರೆ 24 ಬಿಡಿ ಚಿತ್ರಗಳಂತೆ, ಓಡುತ್ತದೆ. ಎರಡು ಗಂಟೆಯ ಸಿನಿಮಾದಲ್ಲಿ 1,72,800 ಫ್ರೇಮು. ಅದರಲ್ಲಿ ಯಾವುದನ್ನೋ ಒಂದನ್ನು ಎತ್ತಿ ತೋರಿಸಿದರೆ ಥಟ್ಟನೆ ಹೆಸರು ಹೇಳುವವರು ಇದ್ದಾರೆ. ಮನುಷ್ಯನಿಗೆ ಚಿತ್ರಗಳ ನೆನಪು ನಾವು ಅಂದುಕೊಂಡಿದ್ದಕ್ಕಿಂತ ಗಟ್ಟಿ. 1973ರಲ್ಲಿ ಲಿಯೊನೆಲ್ ಸ್ಟ್ಯಾಂಡಿಂಗ್ ಅನ್ನುವ ಮನೋವಿಜ್ಞಾನಿ ಜನರಿಗೆ 10,000 ಚಿತ್ರಗಳನ್ನು ಒಂದಾದ ಮೇಲೊಂದು ತೋರಿಸಿದರು. ಆಮೇಲೆ ಹಳೆಯದೊಂದು, ಹೊಸದೊಂದು ಜೋಡಿಯಾಗಿಟ್ಟು, ಮೊದಲು ನೋಡಿದ್ದು ಯಾವುದು ಅಂತ ಕೇಳಿದರು. ನೂರಕ್ಕೆ 80ಕ್ಕಿಂತ ಹೆಚ್ಚು ಸಲ ಉತ್ತರ ಸರಿ ಇತ್ತು.

ಆದರೆ ಈ ಪ್ರಯೋಗ ನಮ್ಮ ಆಟವನ್ನು ಪೂರ್ತಿ ವಿವರಿಸುವುದಿಲ್ಲ. ಸಿನಿಮಾ ಬಲ್ಲವರು ತಾವು ನೋಡೇ ಇರದ ಸಿನಿಮಾದ ಫ್ರೇಮನ್ನು ನೋಡಿ "ಇದು ಜಪಾನಿನ ನಿರ್ದೇಶಕ ಓಜು ಅವರದ್ದೇ ಇರಬೇಕು" ಅಂತ ಹೇಳಿಬಿಡುತ್ತಾರೆ. ಅಲ್ಲಿ ನೆನಪಿಗೆ ಏನು ಕೆಲಸ? ನೋಡಿಲ್ಲವಲ್ಲ!

ಉತ್ತರ ಕ್ಯಾಮೆರಾ ಎಲ್ಲಿದೆ ಅನ್ನುವುದರಲ್ಲಿದೆ. ಯಾಸುಜಿರೊ ಓಜು ಕ್ಯಾಮೆರಾವನ್ನು ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಇಡುತ್ತಿದ್ದರು. ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಗೆ. ಹೆಚ್ಚಾಗಿ 50 ಎಂಎಂ ಲೆನ್ಸು. 1958ರಲ್ಲಿ ಅವರು ಬಣ್ಣಕ್ಕೆ ಬಂದ ಮೇಲೆ ಕೆಂಪು ಕೆಟಲ್ ಒಂದು ಮನೆಯೊಳಗಿನ ದೃಶ್ಯಗಳಲ್ಲಿ ಕಾಣಿಸಿಕೊಳ್ಳತೊಡಗಿತು. ಖಾಲಿ ಕೋಣೆ, ಸಾಲಾದ ಬಾಗಿಲುಗಳು, ಮೂಲೆಯಲ್ಲಿ ಕೆಂಪು ಚುಕ್ಕೆಯಂಥ ಆ ಕೆಟಲ್. ಒಬ್ಬ ನಟನೂ ಇಲ್ಲದಿದ್ದರೂ ನಿರ್ದೇಶಕ ಯಾರು ಅಂತ ಗೊತ್ತಾಗಿಬಿಡುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ನಾಯಕನ ಮುಖ ನೋಡಿ ಸಿನಿಮಾ ಗುರುತಿಸಿದರೆ ಮುಖವನ್ನು ಗುರುತಿಸಿದಂತಾಯಿತು. ಮುಖವೇ ಇಲ್ಲದ ಫ್ರೇಮಿನಿಂದ ಗುರುತಿಸಿದರೆ ಆ ಸಿನಿಮಾ ಲೋಕವನ್ನು ನೋಡುವ ರೀತಿಯನ್ನೇ ನೀವು ಕಲಿತಿದ್ದೀರಿ. ಸಿನಿಮಾ ನಿಜವಾಗಲೂ ನಿಮ್ಮದಾಗಿರುವುದು ಆಗಲೇ.

ಇಲ್ಲಿ ಒಂದು ಎಚ್ಚರ ಬೇಕು. ನಾವು ಸಿನಿಮಾದ ಚಿತ್ರ ಅಂದುಕೊಂಡಿರುವ ಎಷ್ಟೋ ಚಿತ್ರಗಳು ಸಿನಿಮಾದೊಳಗೆ ಇಲ್ಲವೇ ಇಲ್ಲ. ಗಾಳಿಗೆ ಹಾರುವ ಬಿಳಿ ಉಡುಪಿನ ಮರ್ಲಿನ್ ಮನ್ರೋ ಚಿತ್ರ ಯಾರಿಗೆ ಗೊತ್ತಿಲ್ಲ? 1955ರ 'ದಿ ಸೆವೆನ್ ಇಯರ್ ಇಚ್' ಚಿತ್ರೀಕರಣದ ಹೊತ್ತಿನ ಫೋಟೊ ಅದು. ನ್ಯೂಯಾರ್ಕಿನ ರಸ್ತೆಯಲ್ಲಿ ರಾತ್ರಿ ಶೂಟಿಂಗ್ ನಡೆದಾಗ ಜನ ಕಿಕ್ಕಿರಿದು ಗದ್ದಲ ಮಾಡಿದರು. ಕೊನೆಗೆ ದೃಶ್ಯವನ್ನು ಸ್ಟುಡಿಯೋದಲ್ಲಿ ಮತ್ತೆ ತೆಗೆಯಬೇಕಾಯಿತು. ಲೋಕವೆಲ್ಲ ನೆನಪಿಟ್ಟುಕೊಂಡಿರುವ, ತಲೆಯಿಂದ ಪಾದದವರೆಗೆ ಕಾಣುವ ಆ ನಿಲುವು ಪರದೆಯ ಮೇಲೆ ಬರುವುದೇ ಇಲ್ಲ. ಸೆಟ್ಟಿನಲ್ಲಿ ಸ್ಟಿಲ್ ಫೋಟೊಗ್ರಾಫರ್ ಬೇರೆ ಕ್ಯಾಮೆರಾದಿಂದ ತೆಗೆಯುವ ಚಿತ್ರಗಳಿಗೆ ಅವುಗಳದೇ ಬೆಲೆ ಇದೆ. ಸತ್ಯಜಿತ್ ರಾಯ್ ಅವರ ಸೆಟ್ಟುಗಳಲ್ಲಿ ನಿಮಾಯ್ ಘೋಷ್ ತೆಗೆದ ಫೋಟೊಗಳು ಅಮೂಲ್ಯವಾದವು. ಆದರೆ ನಮ್ಮ ಆಟಕ್ಕೆ ಸಿನಿಮಾದ ಒಳಗಿನ ಫ್ರೇಮೇ ಬೇಕು.

ಫ್ರೇಮಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಅದರ ಆಕಾರ. ಹೆಚ್ಚುಕಡಿಮೆ ಚೌಕವಾಗಿದ್ದರೆ ಹಳೆಯ ಕಾಲ ಅಂತ ಊಹಿಸಬಹುದು. ತುಂಬಾ ಅಗಲವಾಗಿದ್ದರೆ 1953ರ ನಂತರದ್ದು ಇರಬೇಕು. 'ದಿ ರೋಬ್' ಸಿನಿಮಾದಿಂದ ಸಿನಿಮಾಸ್ಕೋಪ್ ಅನ್ನುವ ಅಗಲ ಪರದೆಯ ವಿಧಾನ ಶುರುವಾದದ್ದು ಆ ವರ್ಷ. ಇದು ಸುಳಿವು ಮಾತ್ರ. ಇವತ್ತಿನ ನಿರ್ದೇಶಕರೂ ಬೇಕೆಂದೇ ಹಳೆಯ ಆಕಾರ ಆರಿಸಿಕೊಳ್ಳುತ್ತಾರೆ.

ಬೆಳಕು ಇನ್ನೂ ಗಟ್ಟಿಯಾದ ಗುರುತು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 'ಕಾಗಜ್ ಕೆ ಫೂಲ್' 1959ರಲ್ಲಿ ಬಂತು. ಅದರ ಛಾಯಾಗ್ರಾಹಕ ನಮ್ಮ ವಿ.ಕೆ. ಮೂರ್ತಿ. ಕತ್ತಲು ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಕನ್ನಡಿಗಳಿಂದ ನಿಜವಾದ ಬಿಸಿಲನ್ನೇ ಒಳಗೆ ತಿರುಗಿಸಿ ಪಡೆದ ಬೆಳಕು ಅದು. ಆ ಫ್ರೇಮಿನಲ್ಲಿ ಇಬ್ಬರು ಎಷ್ಟು ಚಿಕ್ಕದಾಗಿ ನಿಂತಿದ್ದರೂ ಬೆಳಕೇ ಸಿನಿಮಾದ ಹೆಸರು ಹೇಳುತ್ತದೆ.

ನನಗೆ ತುಂಬಾ ಇಷ್ಟವಾದ ಉದಾಹರಣೆ ಸಿಡ್ನಿ ಲ್ಯುಮೆಟ್ ಅವರ 1957ರ 'ಟ್ವೆಲ್ವ್ ಆಂಗ್ರಿ ಮೆನ್'. ಹೆಚ್ಚುಕಡಿಮೆ ಇಡೀ ಸಿನಿಮಾ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಒಂದು ಮೇಜು, ಕೊಲೆ ಮೊಕದ್ದಮೆಯ ತೀರ್ಪು ಹೇಳಬೇಕಾದ ಹನ್ನೆರಡು ಜನ, ಸೆಕೆ. ಇಂಥ ಸಿನಿಮಾದ ಎಲ್ಲ ಫ್ರೇಮುಗಳೂ ಒಂದೇ ಥರ ಇರಬೇಕಿತ್ತು, ಅಲ್ವಾ? ಇಲ್ಲ. ಮೊದಲ ಮೂರನೇ ಒಂದು ಭಾಗದಲ್ಲಿ ಕ್ಯಾಮೆರಾ ಕಣ್ಣಿನ ಮಟ್ಟಕ್ಕಿಂತ ಮೇಲಿದೆ. ನಡುವಿನ ಭಾಗದಲ್ಲಿ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಕೊನೆಯ ಭಾಗದಲ್ಲಿ ಅದಕ್ಕೂ ಕೆಳಗಿಳಿಯುತ್ತದೆ. ಆಗ ಕೋಣೆಯ ಮೇಲ್ಛಾವಣಿ ಕಾಣತೊಡಗುತ್ತದೆ. ಜೊತೆಗೆ ಸಿನಿಮಾ ಮುಂದುವರಿದಂತೆ ಲೆನ್ಸಿನ ಫೋಕಲ್ ಲೆಂಗ್ತ್, ಅಂದರೆ ದೂರದ್ದನ್ನು ಹತ್ತಿರಕ್ಕೆ ಎಳೆದು ತೋರಿಸುವ ಗುಣ, ಹೆಚ್ಚುತ್ತಾ ಹೋಗುತ್ತದೆ. ಹಿಂದಿನ ಗೋಡೆ ಜನರ ಬೆನ್ನಿಗೇ ಅಂಟಿಕೊಂಡಂತೆ ಕಾಣುತ್ತದೆ. ಲ್ಯುಮೆಟ್ ಮತ್ತು ಛಾಯಾಗ್ರಾಹಕ ಬೋರಿಸ್ ಕಾಫ್‌ಮನ್ ಇದನ್ನೆಲ್ಲ ಯೋಚಿಸಿಯೇ ಮಾಡಿದ್ದು. ಹಾಗಾಗಿ ಈ ಸಿನಿಮಾದ ಒಂದು ಫ್ರೇಮು ಕೊಟ್ಟರೆ, ಹೆಸರಷ್ಟೇ ಅಲ್ಲ, ಕಥೆ ಎಲ್ಲಿಗೆ ಬಂದಿದೆ ಅಂತಲೂ ಸುಮಾರಾಗಿ ಹೇಳಬಹುದು. ಮೊದಲ ಸಲ ನೋಡುವವರು ಇದನ್ನು ಗಮನಿಸುವುದಿಲ್ಲ. ಉಸಿರು ಕಟ್ಟಿದ ಹಾಗಾಗುತ್ತದೆ, ಯಾಕೆ ಅಂತ ತಿಳಿಯುವುದಿಲ್ಲ. ನಿಲ್ಲಿಸಿದ ಫ್ರೇಮು ಆ ಕಾರಣವನ್ನು ಕೈಗೆ ಕೊಡುತ್ತದೆ.

ಈ ಆಟದಲ್ಲಿ ಸೋಲುವ ಒಳ್ಳೆಯ ಸಿನಿಮಾಗಳೂ ಇವೆ. ಮಾತಿನ ಚುರುಕಿನಲ್ಲಿ ಗೆಲ್ಲುವ ಹಾಸ್ಯಚಿತ್ರದ ಫ್ರೇಮು ಎಷ್ಟೋ ಸಲ ಸಪ್ಪೆಯಾಗಿ ಕಾಣುತ್ತದೆ. ಎಡಿಟಿಂಗಿನ ಮೇಲೆ ನಿಂತ ಸಿನಿಮಾಗಳಿಗೂ ಇದರಿಂದ ಅನ್ಯಾಯವಾಗುತ್ತದೆ. 1925ರ ಸೋವಿಯತ್ ಮೂಕಿಚಿತ್ರ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ನೋಡಿ. ಮೆಟ್ಟಿಲುಗಳ ಮೇಲಿನ ಮಗುವಿನ ತಳ್ಳುಗಾಡಿಯನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಆ ದೃಶ್ಯದ ಶಕ್ತಿ ಒಂದು ಶಾಟ್ ಇನ್ನೊಂದಕ್ಕೆ ಡಿಕ್ಕಿ ಹೊಡೆಯುವ ಜಾಗದಲ್ಲಿದೆ. ಅದನ್ನು ಯಾವ ಒಂದು ಫ್ರೇಮೂ ಹಿಡಿಯಲಾರದು. ಹಾಗಾಗಿ ಯಾರಾದರೂ "ನನ್ನ ಮೆಚ್ಚಿನ ಸಿನಿಮಾಗೆ ಸರಿಯಾದ ಫ್ರೇಮೇ ಸಿಗುತ್ತಿಲ್ಲ" ಅಂದರೆ ಸಿನಿಮಾ ಕಡಿಮೆಯದು ಅಂತ ತಿಳಿಯಬೇಡಿ. ಅವರು ಮೆಚ್ಚಿದ್ದು ಅದರ ಓಟವನ್ನು ಇರಬಹುದು.

ಇನ್ನು ನಿಮ್ಮ ಸರದಿ. ಫ್ರೇಮು ಆರಿಸುವಾಗ ಪೋಸ್ಟರಿನಲ್ಲಿರುವುದನ್ನು ಬಿಡಿ. ಕ್ಲೈಮ್ಯಾಕ್ಸನ್ನೂ ಬಿಡಿ. ರಾಯ್ ಅವರ 'ಪಥೇರ್ ಪಾಂಚಾಲಿ' ಅಂದರೆ ಎಲ್ಲರೂ ಎತ್ತರದ ಹುಲ್ಲಿನ ಬಯಲು, ದೂರದ ರೈಲು ಅನ್ನುತ್ತಾರೆ. ಅದು ಸುಂದರವೇ. ಆದರೆ ಅದೇ ಸಿನಿಮಾದಲ್ಲಿ ಮಳೆ ಬರುವ ಮುಂಚೆ ಕೊಳದ ನೀರಿನ ಮೇಲೆ ಹುಳುಗಳು ಓಡಾಡುವ ಶಾಟ್ ಇದೆ. ಅದನ್ನು ತಂದು ತೋರಿಸಿ. ಗುರುತಿಸಿದವರ ಜೊತೆ ಆಮೇಲೆ ತುಂಬಾ ಹೊತ್ತು ಮಾತಾಡಬಹುದು.

ಯಾರೂ ಗುರುತಿಸದಿದ್ದರೂ ಪರವಾಗಿಲ್ಲ. ಹೆಸರನ್ನು ತಕ್ಷಣ ಹೇಳಿಬಿಡಬೇಡಿ. ಅಷ್ಟೊಂದು ಫ್ರೇಮುಗಳಲ್ಲಿ ಇದನ್ನೇ ಯಾಕೆ ಆರಿಸಿದಿರಿ ಅಂತ ಮೊದಲು ಹೇಳಿ. ಹೆಸರು ಆಮೇಲೆ. ಯಾರು ಶುರು ಮಾಡುತ್ತೀರಿ?