ರೈಲು ಹಡಗು ಹತ್ತುವ ಮಧ್ಯಾಹ್ನ: ಮ್ಯೂನಿಕ್‌ನಿಂದ ಪಲೆರ್ಮೊಗೆ

ನಮಸ್ಕಾರ. ಈಗ ನೋಡುತ್ತಿರುವುದು ಮ್ಯೂನಿಕ್‌ನಲ್ಲಿರುವ ನಮ್ಮ ಮನೆಯ ಅಡುಗೆಮನೆ ಟೇಬಲ್ಲು. ಒಂದು ನೋಟ್‌ಬುಕ್ಕು, ಆರಿಹೋದ ಕಾಫಿ, ಡಬ್ಬಕ್ಕೆ ಒರಗಿಸಿಟ್ಟ ಫೋನು. ಫೋನಿನೊಳಗೆ ಅರಸೀಕೆರೆಯಿಂದ ಅಪ್ಪ. ಮೇ ತಿಂಗಳಲ್ಲಿ ಅಪ್ಪ ಅಮ್ಮ ಇಬ್ಬರೂ ಇಲ್ಲಿಗೆ ಬರುತ್ತಾರೆ. ಅವರನ್ನು ಇಟಲಿಯ ತುತ್ತತುದಿ, ಸಿಸಿಲಿ ದ್ವೀಪದ ಪಲೆರ್ಮೊವರೆಗೆ ರೈಲಿನಲ್ಲಿ ಕರೆದುಕೊಂಡು ಹೋಗಬೇಕು ಅಂತ ನನ್ನ ಹಟ.

ವಿಮಾನದಲ್ಲಿ ಎರಡು ಗಂಟೆ ಚಿಲ್ಲರೆ. ಗೊತ್ತು. ಆದರೆ ವಿಮಾನ ಹಡಗು ಹತ್ತುವುದಿಲ್ಲ ಅಲ್ವಾ?

ಹೌದು, ರೈಲೇ ಹಡಗು ಹತ್ತುತ್ತದೆ. ಬೂಟಿನ ಆಕಾರದ ಇಟಲಿಯ ಕಾಲ್ಬೆರಳಿನ ಹತ್ತಿರ ವಿಲ್ಲಾ ಸಾನ್ ಜೊವಾನಿ ಅಂತ ಒಂದು ಊರು. ಆಚೆ ದಡದಲ್ಲಿ ಸಿಸಿಲಿಯ ಮೆಸ್ಸಿನಾ. ನಡುವೆ ಜಲಸಂಧಿ, ಕಿರಿದಾದ ಕಡೆ ಸುಮಾರು 3 ಕಿಲೋಮೀಟರ್. ಸೇತುವೆ ಕಟ್ಟುವ ಮಾತು ದಶಕಗಳಿಂದ ನಡೆಯುತ್ತಲೇ ಇದೆ. ಅಲ್ಲಿಯವರೆಗೆ ಬೋಗಿಗಳನ್ನು ತುಂಡು ತುಂಡಾಗಿ ಬಿಚ್ಚಿ, ಹಳಿ ಹಾಸಿದ ಹಡಗಿನ ಹೊಟ್ಟೆಯೊಳಗೆ ಸಾಲಾಗಿ ತಳ್ಳುತ್ತಾರೆ. ಆಚೆ ದಡದಲ್ಲಿ ಎಳೆದು ಮತ್ತೆ ಜೋಡಿಸುತ್ತಾರೆ. ಸಮುದ್ರ ದಾಟುವುದು ಅರ್ಧ ಗಂಟೆಯೊಳಗಿನ ಕೆಲಸ, ಬಿಚ್ಚಿ ಜೋಡಿಸುವುದಕ್ಕೇ ಜಾಸ್ತಿ ಹೊತ್ತು. ಜರ್ಮನಿ ಮತ್ತು ಡೆನ್ಮಾರ್ಕ್ ನಡುವೆಯೂ ರೈಲು ಹೀಗೇ ಹಡಗಿನಲ್ಲಿ ಹೋಗುತ್ತಿತ್ತು. ಅದು 2019ರ ಡಿಸೆಂಬರ್‌ನಲ್ಲಿ ನಿಂತುಹೋಯಿತು. ನನಗೆ ನೋಡಲಾಗಲಿಲ್ಲ. ಇದನ್ನೂ ಬಿಟ್ಟರೆ ಹೊಟ್ಟೆ ಉರಿದುಕೊಳ್ಳಬೇಕಾಗುತ್ತದೆ.

ಹಾಗಾಗಿ ಈ ಪ್ಲಾನ್ ಶುರುವಾಗಿದ್ದು ಮ್ಯೂನಿಕ್‌ನಿಂದ ಅಲ್ಲ, ಆ ಹಡಗಿನಿಂದ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿಗೆ ಹೋಗುವಾಗ ಬೆಳಕು ಇರುತ್ತಾ?" ರಾತ್ರಿ ರೈಲಿನಲ್ಲಿ ಹೋದರೆ ಸಮುದ್ರ ದಾಟುವ ಹೊತ್ತಿಗೆ ನಾವು ಮುಸುಕು ಹಾಕಿಕೊಂಡು ಮಲಗಿರುವ ಸಾಧ್ಯತೆ ಇದೆ. ರೋಮ್‌ನಿಂದ ಬೆಳಿಗ್ಗೆ ಹೊರಡುವ ಇಂಟರ್‌ಸಿಟಿಯಾದರೆ ಮಧ್ಯಾಹ್ನ ಜಲಸಂಧಿ, ಸಂಜೆ ಪಲೆರ್ಮೊ. ಒಟ್ಟು ಹತ್ತಿರ ಹತ್ತಿರ 12 ಗಂಟೆ. ಅಂದಮೇಲೆ ಹಿಂದಿನ ರಾತ್ರಿ ರೋಮ್‌ನಲ್ಲಿ ಮಲಗಲೇಬೇಕು. ಅಂದಮೇಲೆ ಅದೇ ಹಗಲು ಮ್ಯೂನಿಕ್‌ನಿಂದ ರೋಮ್. ಹೀಗೆ ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕಿದೆ.

ಮ್ಯೂನಿಕ್‌ನಿಂದ ರೋಮ್‌ಗೆ ನೈಟ್‌ಜೆಟ್ ಅನ್ನುವ ರಾತ್ರಿ ರೈಲಿದೆ. ಮಲಗಿ ಎದ್ದರೆ ರೋಮ್. ಒಂದು ಹೋಟೆಲ್ ಖರ್ಚೂ ಉಳಿಯುತ್ತದೆ. ಆದರೆ ಆಲ್ಪ್ಸ್ ಬೆಟ್ಟಗಳನ್ನು ಕತ್ತಲಲ್ಲಿ ದಾಟಿಸಿ ಅಮ್ಮನಿಗೆ ಏನಂತ ತೋರಿಸಲಿ? ಬೇಡ. ದೇಶದಿಂದ ದೇಶಕ್ಕೆ ಹೋಗುವ ಹಗಲಿನ ರೈಲು, ಯೂರೋಸಿಟಿಯೇ ಸೈ. ಇನ್ಸ್‌ಬ್ರುಕ್ ದಾಟಿ, ಆಸ್ಟ್ರಿಯಾ-ಇಟಲಿ ಗಡಿಯಲ್ಲಿರುವ 1,371 ಮೀಟರ್ ಎತ್ತರದ ಬ್ರೆನ್ನರ್ ಕಣಿವೆದಾರಿ ಹತ್ತುತ್ತದೆ. ಈ ದಾರಿಗೆ ಹಳಿ ಬಿದ್ದದ್ದು 1867ರಲ್ಲಿ. ಗಡಿಯ ಈಚೆಗೆ ತಂತಿಯಲ್ಲಿ 15 ಸಾವಿರ ವೋಲ್ಟ್ ಎಸಿ, ಆಚೆಗೆ 3 ಸಾವಿರ ವೋಲ್ಟ್ ಡಿಸಿ. ಇದನ್ನು ಹೇಳಿದ ಕೂಡಲೇ ಅಪ್ಪ ಕನ್ನಡಕ ಹಾಕಿಕೊಂಡರು. ಅಮ್ಮ ಎದ್ದು ಹೋದರು.

ಮ್ಯೂನಿಕ್‌ನಿಂದ ಇಟಲಿಯ ಬೊಲೊನ್ಯಾಗೆ ಸುಮಾರು 7 ಗಂಟೆ. ಅಲ್ಲಿ ಇಳಿದು ಫ್ರೆಚ್ಚಾರೊಸ್ಸಾ ಅನ್ನುವ ಹೈಸ್ಪೀಡ್ ರೈಲು ಹತ್ತಿದರೆ ರೋಮ್‌ಗೆ ಎರಡು ಗಂಟೆಯ ಮೇಲೆ ಸ್ವಲ್ಪ. ಕೇಳಲು ಸುಲಭ. ತಲೆನೋವು ಇರುವುದೇ ಇಲ್ಲಿ.

ಬೊಲೊನ್ಯಾದಲ್ಲಿ ಮಾಮೂಲಿ ರೈಲುಗಳು ನೆಲದ ಮೇಲೆ ನಿಲ್ಲುತ್ತವೆ. ಹೈಸ್ಪೀಡ್ ರೈಲುಗಳ ಪ್ಲಾಟ್‌ಫಾರ್ಮ್ ನೆಲದಿಂದ ಇಪ್ಪತ್ತು ಮೀಟರಿಗೂ ಹೆಚ್ಚು ಕೆಳಗಿದೆ. ಮಂಡಿನೋವಿನ ಅಮ್ಮ, ಎರಡು ಸೂಟ್‌ಕೇಸು, ಒಂದರ ಮೇಲೊಂದು ಎಸ್ಕಲೇಟರ್. ಆ್ಯಪ್ ನನಗೆ ತೋರಿಸಿದ್ದು 18 ನಿಮಿಷದ ಬದಲಾವಣೆ. ಆ್ಯಪ್‌ಗೆ ಮಂಡಿ ಇಲ್ಲ.

ಹೋದ ವರ್ಷ ನಾನೊಬ್ಬಳೇ ಹೋದಾಗ ಇಂಥದ್ದೇ ಒಂದು ಕಡೆ ಸಿಕ್ಕಿಬಿದ್ದೆ. ಅಗ್ಗ ಅಂತ ಎರಡು ಬೇರೆ ಬೇರೆ ಟಿಕೆಟ್ ತೆಗೆದುಕೊಂಡಿದ್ದೆ. ಮೊದಲ ರೈಲು 40 ನಿಮಿಷ ತಡ. ಎರಡನೆಯದು ಕಣ್ಣೆದುರೇ ಹೋಯಿತು. ಹೊಸ ಟಿಕೆಟ್ಟಿಗೆ ಪೂರ್ತಿ ದುಡ್ಡು ಕೊಟ್ಟೆ. ಅಳು ಬಂದಿತ್ತು, ಸುಮ್ನೆ ಹೇಳ್ತಿಲ್ಲ. ಯುರೋಪಿನ ನಿಯಮದಲ್ಲಿ ರೈಲು ಒಂದು ಗಂಟೆ ತಡವಾದರೆ ಟಿಕೆಟ್ ಬೆಲೆಯ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ವಾಪಸ್ ಕೇಳಬಹುದು. ಆದರೆ ನೀವೇ ಬಿಡಿಬಿಡಿಯಾಗಿ ಕೊಂಡ ಟಿಕೆಟ್‌ಗಳಾದರೆ ಮುಂದಿನ ರೈಲು ತಪ್ಪಿದ್ದು ನಿಮ್ಮ ಹಣೆಬರಹ. ಹಾಗಾಗಿ ಈ ಸಲ ಬೊಲೊನ್ಯಾದಲ್ಲಿ ಎರಡು ಗಂಟೆ ಬಿಡುವು ಇಟ್ಟಿದ್ದೇನೆ. ಸ್ಟೇಷನ್‌ನಲ್ಲಿ 10:25ಕ್ಕೆ ನಿಂತ ಒಂದು ಗಡಿಯಾರವಿದೆ. 1980ರ ಆಗಸ್ಟ್ 2ರಂದು ಅಲ್ಲಿ ಬಾಂಬ್ ಸಿಡಿದು 85 ಜನ ಸತ್ತ ಹೊತ್ತು ಅದು. ಅದರ ಕೆಳಗೆ ಸ್ವಲ್ಪ ಹೊತ್ತು ನಿಲ್ಲಬೇಕು ಅಂತಿದೆ.

ನಮ್ಮವರಿಗೆ ಗೊಂದಲವಾಗುವ ಇನ್ನೊಂದು ವಿಷಯ. ಇಲ್ಲಿ ವೇಟಿಂಗ್ ಲಿಸ್ಟೂ ಇಲ್ಲ, ಆರ್‌ಎಸಿಯೂ ಇಲ್ಲ. ಜರ್ಮನಿಯ ಎಷ್ಟೋ ರೈಲುಗಳಲ್ಲಿ ಟಿಕೆಟ್ ಇದ್ದರೂ ಸೀಟು ನಿಮ್ಮದಲ್ಲ, ಅದಕ್ಕೆ ಬೇರೆ ದುಡ್ಡು. ಇಟಲಿಯ ಇಂಟರ್‌ಸಿಟಿ, ಫ್ರೆಚ್ಚಾರೊಸ್ಸಾಗಳಲ್ಲಿ ಟಿಕೆಟ್ ಜೊತೆಗೇ ಸೀಟು. "ನಿಂತುಕೊಂಡು ಹೋಗೋಕೆ ಟಿಕೆಟ್ ಯಾಕೆ?" ಅಂದರು ಅಮ್ಮ. ಉತ್ತರ ನನ್ನ ಹತ್ತಿರ ಇರಲಿಲ್ಲ.

ಹೊರಡುವುದು ಯಾವ ವಾರ? ಶುಕ್ರವಾರ ಅಂತೂ ಅಲ್ಲ. ಇಟಲಿಯಲ್ಲಿ ಶೋಪೆರೊ, ಅಂದರೆ ಮುಷ್ಕರ, ಶುಕ್ರವಾರಗಳಂದೇ ಜಾಸ್ತಿ. ಕನಿಷ್ಠ 10 ದಿನ ಮೊದಲೇ ಹೇಳಬೇಕು ಅಂತ ಕಾನೂನಿದೆ, ಅದೊಂದು ಪುಣ್ಯ. ನಾವು ಮಂಗಳವಾರ ಹೊರಟು ಬುಧವಾರ ಸಂಜೆ ತಲುಪುತ್ತೇವೆ.

ಈಗ ಅಪ್ಪ ಹಿಡಿದ ತಪ್ಪು. ರೋಮ್‌ನಿಂದ ಹೊರಡುವ ಆ ರೈಲು ಮೆಸ್ಸಿನಾದಲ್ಲಿ ಎರಡಾಗುತ್ತದೆ. ಒಂದಷ್ಟು ಬೋಗಿ ಪಲೆರ್ಮೊಗೆ, ಉಳಿದವು ಸಿರಾಕುಸಾಗೆ. ನಾನು ಅದನ್ನು ಓದಿ ಮುಂದೆ ಹೋಗಿದ್ದೆ. ಅಪ್ಪ ನಿಲ್ಲಿಸಿದರು. "ಲಿಂಕ್ ಬೋಗಿ ಕಣೇ ಇದು! ಹಡಗಲ್ಲಿ ಇಳಿದು ಮೇಲೆ ಹೋಗಿ, ವಾಪಸ್ ಬಂದು ಬೇರೆ ಬೋಗಿ ಹತ್ತಿದ್ರೆ?" ಸರಿ. ನೋಟ್‌ಬುಕ್‌ನಲ್ಲಿ ಕೆಂಪಕ್ಷರದಲ್ಲಿ ಬರೆದೆ: ಬೋಗಿ ನಂಬರ್ ಫೋಟೋ ತೆಗೆದುಕೊಳ್ಳುವುದು. ಸೀಟು ರೈಲು ಹೋಗುವ ದಿಕ್ಕಿಗೆ ಬಲಗಡೆ, ಯಾಕೆಂದರೆ ದಕ್ಷಿಣಕ್ಕೆ ಇಳಿಯುವಾಗ ಸಮುದ್ರ ಆ ಕಡೆಗಿದೆ.

ಹಡಗಿನ ಮೇಲೆ ಹೋದವರು ಅರಾಂಚಿನಿ ತಿನ್ನುವುದು ಅಲ್ಲಿನ ರೂಢಿ. ಅನ್ನದ ಉಂಡೆ, ಒಳಗೆ ಹೂರಣ, ಮೇಲೆ ಬ್ರೆಡ್ ಪುಡಿ, ಎಣ್ಣೆಯಲ್ಲಿ ಕರಿದದ್ದು. ಸಸ್ಯಾಹಾರಿಗಳು ಹುಷಾರು. ಸಾಮಾನ್ಯವಾಗಿ ಒಳಗಿರುವುದು ಮಾಂಸ. "ಅಲ್ ಬುರ್ರೊ" ಅಂದರೆ ಬೆಣ್ಣೆಯದ್ದು ಅಂತ ಅರ್ಥ, ಅದರಲ್ಲೂ ಹಂದಿಮಾಂಸದ ಹ್ಯಾಮ್ ಇರುತ್ತದೆ. "ಅಲ್ಲಾ ನೋರ್ಮಾ" ಅಂತ ಕೇಳಿದರೆ ಬದನೆಕಾಯಿ.

ಅಮ್ಮ ಮತ್ತೆ ಫೋನಿನ ಮೂಲೆಯಲ್ಲಿ ಇಣುಕಿದರು. "ಅನ್ನದ ಉಂಡೆಗೆ ಬದನೆಕಾಯಿ ಪಲ್ಯನಾ? ಸರಿ, ಆದ್ರೂ ಚಿತ್ರಾನ್ನ ಕಟ್ಕೊಂಡೇ ಹೋಗೋಣ."

ಮೂರು ಟಿಕೆಟ್. ಬುಕ್ ಒತ್ತುತ್ತಿದ್ದೇನೆ, ನೋಡಿ. ಪಾವತಿ ಪುಟ ಸುತ್ತುತ್ತಾ ಇದೆ... ಇನ್ನೂ ಸುತ್ತುತ್ತಾ ಇದೆ... ಹಾಂ, ಬಂತು.