"ದಿನಾ ಕೀಗಲ್ ಮಾಡಿ" ಅಂದ್ಬಿಟ್ರೆ ಮುಗೀತಾ?

ನಮಸ್ಕಾರ. ಶುರು ಮಾಡೋಕೆ ಮುಂಚೆ ಒಂದು ಕೆಲ್ಸ ಮಾಡಿ, ಇರೋ ಜಾಗದಲ್ಲೇ ಒಂದ್ಸಲ ಜೋರಾಗಿ ಕೆಮ್ಮಿ ನೋಡೋಣ. ಏನಾಯ್ತು? ಕೆಮ್ಮೋಕೆ ಮುಂಚೆನೇ ತೊಡೆ ಹತ್ರ ತಂದ್ಕೊಂಡ್ರಾ? ಅಥವಾ "ಬೇಡಪ್ಪಾ, ಈಗ ಪ್ಯಾಡ್ ಇಲ್ಲ" ಅನ್ಸ್ತಾ? ಹಂಗಿದ್ರೆ ಇವತ್ತಿನ ಮಾತೆಲ್ಲ ನಿಮಗೇ, ಕೆಮ್ಮಿದ್ರೆ ಸೀನಿದ್ರೆ ಮೂತ್ರ ಸೋರೋದರ ಬಗ್ಗೆ.

ನಂದೂ ಅದೇ ಕಥೆ. ಎರಡನೇ ಹೆರಿಗೆ ಆದ್ಮೇಲೆ ಸೀನಿದ್ರೆ ಒಂದು ಹನಿ, ನಕ್ರೆ ಎರಡು ಹನಿ, ಮಗೂನ ಎತ್ಕೊಂಡು ಮೆಟ್ಲು ಹತ್ತಿದ್ರೆ ಕೇಳ್ಲೇಬೇಡಿ. ಬೀರುವಿನಲ್ಲಿ ಇದ್ದ ತಿಳಿ ಬಣ್ಣದ ಪ್ಯಾಂಟೆಲ್ಲ ತಾನಾಗೇ ಹಿಂದಕ್ಕೆ ಸರೀತು, ಕಪ್ಪು ಮಾತ್ರ ಮುಂದೆ ಬಂತು, ಯಾಕೆ ಅಂತ ನಾನು ನನ್ಗೂ ಹೇಳ್ಕೊಂಡಿರ್ಲಿಲ್ಲ. ಒಂದಿನ ಮಗಳು ಸ್ಕಿಪ್ಪಿಂಗ್ ಹಗ್ಗ ಕೈಗೆ ಕೊಟ್ಟು "ಅಮ್ಮಾ ನೀನೂ ಎಗರು" ಅಂದ್ಳು. ಮೂರು ಎಗರಿದೆ ಅಷ್ಟೇ, ಸೀದಾ ಬಾತ್‌ರೂಮಿಗೆ.

ಡಾಕ್ಟರ್ ಹತ್ರ ಹೋದೆ. ಬೇರೇನೋ ತೋರಿಸೋಕೆ ಹೋದವಳ ಹಾಗೆ ಹೋಗಿ, ಹೊರಡೋವಾಗ ಬಾಗಿಲ ಹತ್ರ ನಿಂತ್ಕೊಂಡು ಇದನ್ನ ಹೇಳಿದೆ, ನಮ್ಮಲ್ಲಿ ತುಂಬಾ ಜನ ಹಿಂಗೇ ಮಾಡೋದು ಅಲ್ವಾ. "ಓ ಅದಾ, ಹೆರಿಗೆ ಆದೋರಿಗೆಲ್ಲ ಇರತ್ತೆ, ದಿನಾ ಕೀಗಲ್ ಮಾಡಿ" ಅಂದ್ರು. ಆಯ್ತು. ಟ್ರೀಟ್‌ಮೆಂಟ್ ಮುಗೀತು.

ಕೀಗಲ್ ಅಂದ್ರೆ ಮೂತ್ರ ಹಿಡ್ಕೊಳ್ಳೋ ಕೆಳಗಿನ ಸ್ನಾಯುಗಳನ್ನ ಬಿಗಿ ಮಾಡಿ ಬಿಡೋ ವ್ಯಾಯಾಮ. ನಾನು ಮಾಡಿದೆ ರೀ, ಸೋಮಾರಿತನ ಮಾಡ್ಲಿಲ್ಲ, ನಾಲ್ಕು ತಿಂಗಳು ಫೋನಲ್ಲಿ ಅಲಾರಂ ಇಟ್ಕೊಂಡು ಮಾಡಿದೆ. ಒಂದು ಹನಿನೂ ಕಮ್ಮಿ ಆಗ್ಲಿಲ್ಲ. ಕೊನೆಗೆ ಪೆಲ್ವಿಕ್ ಫ್ಲೋರ್, ಅಂದ್ರೆ ಆ ಕೆಳಗಿನ ಸ್ನಾಯುಗಳನ್ನ ನೋಡೋ ಫಿಸಿಯೋಥೆರಪಿಸ್ಟ್ ಒಬ್ರು ಸಿಕ್ಕಿದ್ರು, ಗ್ಲೌಸ್ ಹಾಕ್ಕೊಂಡು, ನನ್ನ ಒಪ್ಪಿಗೆ ಕೇಳಿ, ಒಳಗೆ ಬೆರಳಿಟ್ಟು "ಈಗ ಬಿಗಿ ಮಾಡಿ" ಅಂದ್ರು. ಮಾಡಿದೆ. ಎರಡು ಸೆಕೆಂಡ್ ಸುಮ್ನಿದ್ದು ಹೇಳಿದ್ರು, "ಮೇಡಂ, ನೀವು ಮೇಲಕ್ಕೆ ಎಳೀತಿಲ್ಲ, ಕೆಳಕ್ಕೆ ತಳ್ತಿದೀರ."

ನಾಲ್ಕು ತಿಂಗಳು! ನಾಲ್ಕು ತಿಂಗಳು ದಿನಾ ತಿಣುಕಿದೀನಿ ನಾನು. ಯಾವ ಸ್ನಾಯು ಎತ್ತಿ ಹಿಡೀಬೇಕಿತ್ತೋ ಅದರ ಮೇಲೇ ಭಾರ ಹಾಕ್ತಾ ಕೂತಿದ್ದೆ.

ನಾನೇ ದಡ್ಡಿ ಅಂದ್ಕೊಂಡಿದ್ದೆ, ಆಮೇಲೆ ಓದಿದ್ರೆ ಇದು 1991ರಲ್ಲೇ ಗೊತ್ತಿರೋ ವಿಷ್ಯ. ಅಮೆರಿಕದಲ್ಲಿ 47 ಹೆಂಗಸರಿಗೆ ಬರೀ ಬಾಯಲ್ಲಿ ಹೇಳ್ಕೊಟ್ಟು, ಸರಿಯಾಗಿ ಮಾಡ್ತಾರಾ ಅಂತ ಅಳತೆ ಮಾಡಿ ನೋಡಿದ್ರು. ಸರಿಯಾಗಿ ಮಾಡಿದ್ದು ಹತ್ತಿರತ್ತಿರ ಅರ್ಧ ಜನ. ಕಾಲು ಭಾಗ ಜನ ಮಾಡಿದ್ದು ಹೇಗಿತ್ತು ಅಂದ್ರೆ ಅದರಿಂದ ಸೋರೋದು ಜಾಸ್ತಿನೇ ಆಗ್ಬಹುದಿತ್ತು. ಆ ಕಾಲು ಭಾಗದಲ್ಲಿ ನಾನೂ ಒಬ್ಳು ಅನ್ಕೊಳ್ಳಿ. ಇಷ್ಟು ವರ್ಷದಿಂದ ಗೊತ್ತಿದ್ರೂ ಇವತ್ತಿಗೂ ಒಂದು ಸಾಲಲ್ಲಿ ಹೇಳಿ ಕಳಿಸ್ತಾರಲ್ಲ, ನನ್ನ ಸಿಟ್ಟು ಇರೋದು ಅಲ್ಲಿ.

ಇನ್ನೊಂದು, ಇದಕ್ಕೆ "ಸ್ಟ್ರೆಸ್ ಇನ್‌ಕಾಂಟಿನೆನ್ಸ್" ಅಂತ ಹೆಸರಿಟ್ಟಿರೋದ್ರಿಂದ ನನ್ನ ಸ್ನೇಹಿತೆಯೊಬ್ಳು ಟೆನ್ಷನ್ ಕಮ್ಮಿ ಮಾಡ್ಕೋಬೇಕು ಅಂತ ಧ್ಯಾನ ಶುರು ಮಾಡಿದ್ಳು, ಪಾಪ. ಮನಸ್ಸಿಗೂ ಇದಕ್ಕೂ ಸಂಬಂಧ ಇಲ್ಲ, ಹೊಟ್ಟೆ ಒಳಗಿನ ಒತ್ತಡದ ಮಾತು ಇದು. ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆವರೆಗೆ ಮಗೂನ ಮಲಗಿಸೋ ಜೋಲಿ ಥರ ಸ್ನಾಯು ಕಟ್ಟಿರತ್ತೆ, ಮೂತ್ರಕೋಶ, ಗರ್ಭಕೋಶ ಎಲ್ಲ ಅದರ ಆಸರೆಲೇ ಇರೋದು. ಈಗ ನೀರಿನ ಪೈಪ್ ಗಟ್ಟಿ ನೆಲದ ಮೇಲಿದ್ದಾಗ ತುಳಿದ್ರೆ ನೀರು ನಿಲ್ಲತ್ತೆ, ಅದೇ ಪೈಪ್ ಕೆಸರಲ್ಲಿದ್ರೆ ಎಷ್ಟು ತುಳಿದ್ರೂ ಒಳಗೆ ಹೂತ್ಕೊಳತ್ತೆ, ನೀರು ಹರೀತಾನೇ ಇರತ್ತೆ. ಕೆಮ್ಮಿದಾಗ ಆ ತುಳಿತ ಮೇಲಿಂದ ಬೀಳತ್ತೆ, ಕೆಳಗಿನ ಜೋಲಿ ಸಡಿಲ ಆಗಿದ್ರೆ ಮೂತ್ರನಾಳ ಮುಚ್ಚಲ್ಲ. ಹೆರಿಗೆ, ಮುಟ್ಟು ನಿಲ್ಲೋ ವಯಸ್ಸು, ತೂಕ, ತುಂಬಾ ದಿನದ ಕೆಮ್ಮು, ಮಲಬದ್ಧತೆಗೆ ತಿಣುಕೋದು, ಎಲ್ಲ ಸೇರಿ ಸಡಿಲ ಆಗತ್ತೆ.

ಸರಿ, ಹಾಗಾದ್ರೆ ಎಕ್ಸರ್ಸೈಸ್ ಸುಳ್ಳಾ? ಅಯ್ಯೋ ಇಲ್ಲ, ಅದಕ್ಕೇ ಇಷ್ಟು ಸಿಟ್ಟು. 2018ರಲ್ಲಿ ವೈದ್ಯಕೀಯ ಪ್ರಯೋಗಗಳನ್ನ ಒಟ್ಟುಗೂಡಿಸಿ ಪರಿಶೀಲಿಸೋ ಸಂಸ್ಥೆ ಕಾಕ್ರೇನ್‌ನೋರು 31 ಪ್ರಯೋಗಗಳನ್ನ, 1,817 ಹೆಂಗಸರನ್ನ ಒಟ್ಟಿಗೆ ಇಟ್ಟು ನೋಡಿದ್ರು. ಸ್ಟ್ರೆಸ್ ಥರದ ಸೋರಿಕೆ ಇದ್ದೋರಲ್ಲಿ ಈ ವ್ಯಾಯಾಮ ಮಾಡಿದ ಗುಂಪಲ್ಲಿ ಪೂರ್ತಿ ವಾಸಿ ಆಯ್ತು ಅಂದೋರು ಶೇಕಡ 56, ಮಾಡದೇ ಇದ್ದೋರಲ್ಲಿ ಶೇಕಡ 6. ಮಾತ್ರೆ ಇಲ್ಲ, ಕೊಯ್ಯೋದಿಲ್ಲ. ಬ್ರಿಟನ್ನಿನಲ್ಲಿ ಯಾವ ಚಿಕಿತ್ಸೆ ಕೊಡ್ಬೇಕು ಅಂತ ಹೇಳೋ ನೈಸ್ ಸಂಸ್ಥೆಯ ಮಾರ್ಗಸೂಚಿಲೂ ಮೊದಲ ಚಿಕಿತ್ಸೆ ಅಂತ ಹೇಳಿರೋದು ಇದನ್ನೇ, ಆದ್ರೆ ಅಲ್ಲಿ ಬರೆದಿರೋದು ಕಮ್ಮಿ ಅಂದ್ರೆ ಮೂರು ತಿಂಗಳು, ಕಲಿತೋರ ಉಸ್ತುವಾರಿಲಿ ಅಂತ. ನಮಗೆ ಸಿಗೋದು ವ್ಯಾಯಾಮದ ಹೆಸರು ಮಾತ್ರ, ಉಸ್ತುವಾರಿ ಬಾಗಿಲಲ್ಲೇ ಉದುರಿಹೋಗಿರತ್ತೆ. ಮೊಣಕಾಲು ಆಪರೇಷನ್ ಆದೋರಿಗೆ "ಮನೆಗೋಗಿ ಕಾಲು ಆಡಿಸ್ಕೊಳಿ" ಅಂತ ಕಳಿಸ್ತಾರಾ?

ಹೆಸರಿನ ಕಥೆನೇ ನೋಡಿ. ಆರ್ನಾಲ್ಡ್ ಕೀಗಲ್ ಅನ್ನೋ ಅಮೆರಿಕದ ಸ್ತ್ರೀರೋಗ ತಜ್ಞ 1948ರಲ್ಲಿ ಇದರ ಬಗ್ಗೆ ಬರೆದಾಗ, ಸ್ನಾಯು ಎಷ್ಟು ಹಿಡೀತಿದೆ ಅಂತ ತೋರ್ಸೋ ಒಂದು ಉಪಕರಣನೂ ಜೊತೆಗೆ ಇಟ್ಕೊಂಡಿದ್ರು. ಸರಿ ಇದೆಯಾ ಅಂತ ನೋಡೋದು ಶುರುವಿಂದ್ಲೂ ಇದರ ಭಾಗನೇ, ನಾವು ಅದನ್ನ ಬಿಟ್ಟು ಹೆಸರು ಮಾತ್ರ ಇಟ್ಕೊಂಡ್ವಿ. ಹಾಗಂತ ದುಡ್ಡು ಕೊಟ್ಟು ಬ್ಲೂಟೂತ್ ಮಷಿನ್ ತಗೋಬೇಡಿ ಮತ್ತೆ, 2020ರಲ್ಲಿ ಬಂದ 600 ಹೆಂಗಸರ ಒಂದು ದೊಡ್ಡ ಪ್ರಯೋಗದಲ್ಲಿ ಸ್ನಾಯು ಎಷ್ಟು ಹಿಡೀತಿದೆ ಅಂತ ತೋರ್ಸೋ ಬಯೋಫೀಡ್‌ಬ್ಯಾಕ್ ಮಷಿನ್ ಸೇರಿಸಿದ್ರಿಂದ ಹೆಚ್ಚಿನ ಲಾಭ ಏನೂ ಕಾಣ್ಲಿಲ್ಲ. ಆದ್ರೆ ಅದರಲ್ಲಿ ಮಷಿನ್ ಇದ್ದ, ಇಲ್ಲದ ಎರಡೂ ಗುಂಪಿಗೆ ಥೆರಪಿಸ್ಟ್ ಇದ್ರು, ಅದನ್ನ ಮರೀಬೇಡಿ.

ನನಗೆ ನನ್ನ ಫಿಸಿಯೋಥೆರಪಿಸ್ಟ್ ಹೇಳ್ಕೊಟ್ಟಿದ್ದು ಹೆಂಗೆ ಅಂದ್ರೆ, ನಾಚ್ಕೋಬೇಡಿ, ಜನ ತುಂಬಿರೋ ಲಿಫ್ಟಲ್ಲಿ ಹೂಸು ಬರೋ ಹಾಗಾಗಿದೆ, ಬಿಡೋ ಹಾಗಿಲ್ಲ, ಆಗ ಹಿಂದೆ ಹೆಂಗೆ ಬಿಗಿ ಹಿಡೀತೀರೋ ಹಂಗೆ ಹಿಡೀರಿ, ಅದೇ ಬಿಗಿನ ಮುಂದಕ್ಕೆ ಮೂತ್ರದ ದಾರಿವರೆಗೂ ತಂದು ಒಳಗೆ ಮೇಲಕ್ಕೆ ಎತ್ತಿ. ಕುಂಡಿ ಕಲ್ಲಾಗ್ಬಾರ್ದು, ತೊಡೆ ಅಂಟ್ಕೋಬಾರ್ದು, ಉಸಿರು ಕಟ್ಬಾರ್ದು. ಎಣಿಸ್ತಾ ಮಾತಾಡೋಕೆ ಆಗ್ತಿದ್ರೆ ಉಸಿರು ಸರಿ ಇದೆ ಅಂತ. ಆಮೇಲೆ ಬಿಡೋದು, ಪೂರ್ತಿ ಬಿಡೋದು, ಇದನ್ನ ಯಾರೂ ಹೇಳಲ್ಲ, ಬಿಡೋದೂ ಅರ್ಧ ವ್ಯಾಯಾಮ. ನನಗೆ ಮೊದಲ ವಾರ ಮೂರು ಸೆಕೆಂಡ್ ಹಿಡಿಯೋದೇ ಕಷ್ಟ ಆಗಿತ್ತು, ನಾಲ್ಕನೇದಕ್ಕೆ ಜಾರಿಹೋಗೋದು ಗೊತ್ತಾಗ್ತಿತ್ತು. ನೈಸ್ ಹೇಳೋದು ಒಂದ್ಸಲಕ್ಕೆ ಕಮ್ಮಿ ಅಂದ್ರೆ 8 ಬಾರಿ ಬಿಗಿ ಮಾಡೋದು, ಹಂಗೆ ದಿನಕ್ಕೆ 3 ಸಲ, ಅಷ್ಟೇ. ಇನ್ನೂರು ಮುನ್ನೂರು ಮಾಡಿ ಅನ್ನೋ ವೀಡಿಯೋಗಳನ್ನ ಪಕ್ಕಕ್ಕಿಡಿ. ಉಚ್ಚೆ ಹೊಯ್ತಾ ಮಧ್ಯ ನಿಲ್ಸೋದನ್ನ ದಿನಾ ವ್ಯಾಯಾಮದ ಥರ ಮಾಡ್ಬೇಡಿ, ಮೂತ್ರಕೋಶ ಪೂರ್ತಿ ಖಾಲಿ ಆಗಲ್ಲ. ಸೋರತ್ತೆ ಅಂತ ನೀರು ಕುಡಿಯೋದೂ ಬಿಡ್ಬೇಡಿ, ನಾನು ಬಿಟ್ಟಿದ್ದೆ, ಉರಿನೂ ಬಂತು ಮಲಬದ್ಧತೆನೂ ಬಂತು.

ಆಮೇಲೆ ಒಂದು ಟ್ರಿಕ್ಕು. ಸೀನು ಬರೋಕೆ ಮುಂಚೆ ಮೂಗು ಚುರುಚುರು ಅನ್ನತ್ತಲ್ಲ, ಆ ಕ್ಷಣದಲ್ಲೇ ಬಿಗಿ ಮಾಡಿ ಹಿಡ್ಕೊಂಡು ಆಮೇಲೆ ಸೀನೋದು. 1998ರ ಒಂದು ಸಣ್ಣ ಅಧ್ಯಯನದಲ್ಲಿ ಒಂದೇ ವಾರ ಇದನ್ನ ಕಲಿಸಿದ್ದಕ್ಕೆ ಮಧ್ಯಮ ಕೆಮ್ಮಲ್ಲಿ ಸೋರೋದು ಶೇಕಡ 98ರಷ್ಟು, ಜೋರು ಕೆಮ್ಮಲ್ಲಿ ಶೇಕಡ 73ರಷ್ಟು ಕಮ್ಮಿ ಆಯ್ತು. ಒಂದು ವಾರದಲ್ಲಿ ಸ್ನಾಯು ದಪ್ಪ ಆಗಲ್ಲ, ಟೈಮಿಂಗ್ ಅಷ್ಟೇ.

ಎಲ್ಲಾರಿಗೂ ಇದೇ ಮದ್ದು ಅಂತ ಹೇಳ್ತಿಲ್ಲ. ಕೆಲವರಿಗೆ ಸ್ನಾಯು ಮೊದಲೇ ಬಿಗಿ ಹಿಡ್ಕೊಂಡು ನೋವಿರತ್ತೆ, ಅವ್ರು ಮೊದಲು ಸಡಿಲ ಬಿಡೋದು ಕಲೀಬೇಕು. ಇದ್ದಕ್ಕಿದ್ದ ಹಾಗೆ ಅವಸರ ಆಗಿ ಬಾತ್‌ರೂಮ್ ಮುಟ್ಟೋದ್ರೊಳಗೆ ಹೋಗಿಬಿಡೋದು ಬೇರೆ ತೊಂದ್ರೆ. ಮೂತ್ರದಲ್ಲಿ ರಕ್ತ, ಉರಿ, ಯಾವಾಗ್ಲೂ ಸೋರ್ತಾನೇ ಇರೋದು, ಹೊಯ್ಯೋಕೇ ಆಗದೇ ಇರೋದು, ಇವಕ್ಕೆ ವೀಡಿಯೋ ನೋಡ್ತಾ ಕೂರ್ಬೇಡಿ, ತೋರ್ಸಿ. ಮೂರು ತಿಂಗಳು ಸರಿಯಾಗಿ ಮಾಡಿನೂ ಆಗ್ಲಿಲ್ಲ ಅಂದ್ರೆ ಆಪರೇಷನ್ ಬಗ್ಗೆ ಕೇಳೋದು ನಿಮ್ಮ ಸೋಲಲ್ಲ. ಮುಂದಿನ ಸಲ ಯಾರಾದ್ರೂ "ಕೀಗಲ್ ಮಾಡಿ" ಅಂದ್ರೆ ಬಾಗಿಲಿಂದ ವಾಪಸ್ ಬಂದು ಕುರ್ಚಿ ಮೇಲೆ ಕೂತ್ಕೊಂಡು ಕೇಳಿ, "ನಾನು ಮಾಡ್ತಿರೋದು ಸರಿನಾ ಅಂತ ಯಾರು ನೋಡ್ತಾರೆ?"

ನಂದು ಏನಾಯ್ತು ಅಂತೀರಾ. ಸೀನು, ಕೆಮ್ಮು ಈಗ ಪರವಾಗಿಲ್ಲ, ಪ್ಯಾಡ್ ಬಿಟ್ಟು ತುಂಬಾ ದಿನ ಆಯ್ತು. ಸ್ಕಿಪ್ಪಿಂಗ್ ಮಾತ್ರ ಇನ್ನೂ ಪೂರ್ತಿ ಗೆದ್ದಿಲ್ಲ. ಆಗ ಮೂರಕ್ಕೇ ಓಡ್ತಿದ್ದೆ, ಹೋದ ಭಾನುವಾರ ಮಗಳು ಎಣಿಸಿದ್ಳು, ನಲವತ್ತೊಂದು.